ಇಲಿಗೆ ಒಲಿದ ಬ್ಯಾಕ್ಟೀರಿಯಾ

ನೀರು ತುಂಬಿದ ಗಾಜಿನ ಪಾತ್ರೆಗೆ ಇಲಿಯೊಂದನ್ನು ಬಿಡುತ್ತಾರೆ. ಹತ್ತಿ ಬರಲು ಆಸರೆಯಿಲ್ಲ, ಕಾಲಿಗೆ ತಳ ಸಿಗುವುದಿಲ್ಲ. ಮೊದಮೊದಲು ಇಲಿ ಜೋರಾಗಿ ಕಾಲು ಬಡಿಯುತ್ತದೆ. ಆಮೇಲೆ ಸಾಕಾಗಿ ಸುಮ್ಮನೆ ತೇಲುತ್ತದೆ. ಎಷ್ಟು ಹೊತ್ತು ಒದ್ದಾಡಿತು, ಯಾವಾಗ ಕೈಚೆಲ್ಲಿತು ಎಂಬುದನ್ನು ಪಕ್ಕದಲ್ಲಿ ನಿಂತವರು ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ. ಖಿನ್ನತೆಯ ಔಷಧಗಳನ್ನು ಒರೆಗೆ ಹಚ್ಚಲು ದಶಕಗಳಿಂದ ನಡೆದುಬಂದಿರುವ ಪರೀಕ್ಷೆ ಇದು. ನೋಡುವುದಕ್ಕೆ ಹಿತವಲ್ಲ.

ಐರ್ಲೆಂಡಿನ ಕಾರ್ಕ್ ನಗರದ ಜಾನ್ ಕ್ರಯಾನ್ ಮತ್ತು ಟೆಡ್ ಡಿನನ್, ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಜಾನ್ ಬೀನೆನ್‌ಸ್ಟಾಕ್ ಮೊದಲಾದವರ ತಂಡ ಈ ಪರೀಕ್ಷೆಯನ್ನೇ ಇಟ್ಟುಕೊಂಡು 2011ರಲ್ಲಿ ಒಂದು ವರದಿ ಪ್ರಕಟಿಸಿತು. ಇಲಿಗಳ ಒಂದು ಗುಂಪಿಗೆ ಕೆಲವು ವಾರ ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜೆಬಿ-1 ಎಂಬ ಬ್ಯಾಕ್ಟೀರಿಯಾವನ್ನು ಉಣಿಸಿದರು. ಇನ್ನೊಂದು ಗುಂಪಿಗೆ ಬ್ಯಾಕ್ಟೀರಿಯಾ ಇಲ್ಲದ ಅದೇ ದ್ರಾವಣ ಕೊಟ್ಟರು. ಬ್ಯಾಕ್ಟೀರಿಯಾ ತಿಂದ ಇಲಿಗಳು ನೀರಿನಲ್ಲಿ ಬೇಗ ಕೈಚೆಲ್ಲಲಿಲ್ಲ. ಗೋಡೆಯಿಲ್ಲದ ಎತ್ತರದ ಹಾದಿಗೆ ಕಾಲಿಡಲು ಅಷ್ಟಾಗಿ ಅಂಜಲಿಲ್ಲ. ಒತ್ತಡ ಬಿದ್ದಾಗ ಅವುಗಳ ರಕ್ತದಲ್ಲಿ ಕಾರ್ಟಿಕೊಸ್ಟೆರೋನ್ ಹಾರ್ಮೋನು ಅಷ್ಟು ಏರಲಿಲ್ಲ. ಮಿದುಳನ್ನು ಬಗೆದು ನೋಡಿದರೆ, ಉದ್ವೇಗವನ್ನು ತಣಿಸುವ ಗಾಬಾ ಎಂಬ ರಾಸಾಯನಿಕಕ್ಕೆ ಓಗೊಡುವ ಗ್ರಾಹಕಗಳೂ ಬದಲಾಗಿದ್ದವು. ಎಲ್ಲಕ್ಕಿಂತ ಬೆರಗಿನ ಸಂಗತಿ ಇನ್ನೊಂದಿತ್ತು: ಹೊಟ್ಟೆಯಿಂದ ಮಿದುಳಿಗೆ ಹೋಗುವ ವೇಗಸ್ ನರವನ್ನು ಕತ್ತರಿಸಿದ ಇಲಿಗಳಲ್ಲಿ ಇದರಲ್ಲಿ ಯಾವುದೂ ನಡೆಯಲಿಲ್ಲ. ಅಂದರೆ ಸುದ್ದಿ ಹೊಟ್ಟೆಯಿಂದಲೇ ಹೋಗುತ್ತಿತ್ತು, ಅದೂ ಆ ನರದ ದಾರಿಯಲ್ಲಿ.

ಇಂಥ ಸುದ್ದಿ ಪ್ರಯೋಗಾಲಯದ ಒಳಗೆ ಉಳಿಯುವುದುಂಟೇ? ಮೊಸರು ತಿಂದರೆ ಬೇಸರ ಕಳೆಯುತ್ತದೆ ಎಂಬ ಧಾಟಿಯ ಬರಹಗಳು ಲೋಕದ ತುಂಬ ಹರಿದಾಡಿದವು. ಡಿನನ್ ಮತ್ತು ಸಂಗಡಿಗರು 2013ರಲ್ಲಿ ಮನಸ್ಸಿಗೆ ಒದಗುವ ಬ್ಯಾಕ್ಟೀರಿಯಾಗಳಿಗೆ ಸೈಕೋಬಯೋಟಿಕ್ ಎಂದು ಹೆಸರನ್ನೂ ಇಟ್ಟರು.

ಮುಂದಿನ ಅಧ್ಯಾಯವನ್ನು ಬರೆದವರೂ ಕಾರ್ಕ್‌ನವರೇ, ಅದು ಅವರ ದೊಡ್ಡತನ. ಅದೇ ಜೆಬಿ-1 ಅನ್ನು ಆರೋಗ್ಯವಂತ 29 ಗಂಡಸರಿಗೆ ಕೊಟ್ಟು ನೋಡಿದರು. ನಾಲ್ಕು ವಾರ ಬ್ಯಾಕ್ಟೀರಿಯಾ, ನಾಲ್ಕು ವಾರ ಅದರಂತೆಯೇ ಕಾಣುವ ಖಾಲಿ ಗುಳಿಗೆ. ಕೊರೆಯುವ ತಣ್ಣೀರಿನಲ್ಲಿ ಕೈ ಅದ್ದಿಸಿ ಒತ್ತಡ ಅಳೆದರು, ನೆನಪು ಮತ್ತು ಗಮನಕ್ಕೆ ಪರೀಕ್ಷೆ ಇಟ್ಟರು, ಹಾರ್ಮೋನು ನೋಡಿದರು. 2017ರಲ್ಲಿ ಬಂದ ಫಲಿತಾಂಶ: ಖಾಲಿ ಗುಳಿಗೆಗೂ ಜೆಬಿ-1ಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಇಲಿಗೆ ಒಲಿದದ್ದು ಮನುಷ್ಯನಿಗೆ ಒಲಿಯಲಿಲ್ಲ.

ಪ್ರೊಬಯೋಟಿಕ್ ವಿಚಾರದಲ್ಲಿ ಈ ಎರಡು ವರದಿಗಳನ್ನು ಜೋಡಿಯಾಗಿ ಓದಬೇಕು. ಮೊದಲನೆಯದನ್ನಷ್ಟೇ ಓದಿದವರು ಡಬ್ಬಿ ಮಾರುತ್ತಾರೆ. ಎರಡನೆಯದನ್ನಷ್ಟೇ ಓದಿದವರು ಇದೆಲ್ಲ ಬೊಗಳೆ ಎನ್ನುತ್ತಾರೆ. ನನ್ನ ಪ್ರಕಾರ ಪ್ರಶ್ನೆ ಕೇಳುವ ರೀತಿಯೇ ತಪ್ಪಿದೆ. ‘ಪ್ರೊಬಯೋಟಿಕ್ ಒಳ್ಳೆಯದಾ?’ ಎಂದು ಕೇಳುವುದು ‘ಮಾತ್ರೆ ಒಳ್ಳೆಯದಾ?’ ಎಂದು ಕೇಳಿದ ಹಾಗೆ. ಯಾವ ಮಾತ್ರೆ, ಯಾವ ಕಾಯಿಲೆಗೆ, ಯಾರಿಗೆ, ಎಷ್ಟು ದಿನ ಎಂಬುದು ಗೊತ್ತಾಗದೆ ಯಾವ ವೈದ್ಯರೂ ಅದಕ್ಕೆ ಉತ್ತರ ಕೊಡಲಾರರು. ಬ್ಯಾಕ್ಟೀರಿಯಾ ವಿಷಯದಲ್ಲಿ ಮಾತ್ರ ನಾವು ಆ ಪ್ರಶ್ನೆಯನ್ನು ಧೈರ್ಯವಾಗಿ ಕೇಳುತ್ತೇವೆ, ಉತ್ತರ ಕೊಡುವವರಿಗೂ ಬರವಿಲ್ಲ.

ಹಾಗಾದರೆ ಪ್ರೊಬಯೋಟಿಕ್ ಎಂದರೇನು? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ಅರ್ಜೆಂಟೀನಾದ ಕೋರ್ಡೊಬಾದಲ್ಲಿ ಕೂತು ಒಪ್ಪಿಕೊಂಡ ವ್ಯಾಖ್ಯೆಯ ಸಾರ ಇಷ್ಟು: ಸೂಕ್ಷ್ಮಜೀವಿ ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ಸೇವಿಸಿದವರಿಗೆ ಅದರಿಂದ ಆರೋಗ್ಯದ ಲಾಭ ಆಗಬೇಕು. ಮೂರನೆಯ ಷರತ್ತಿನಲ್ಲೇ ಬಹಳಷ್ಟು ಡಬ್ಬಿಗಳು ಎಡವುತ್ತವೆ. ಲಾಭ ಆಗುತ್ತದೆ ಎಂದು ತೋರಿಸಿಕೊಡಬೇಕಾದದ್ದು ಆ ನಿರ್ದಿಷ್ಟ ತಳಿಯೇ ಹೊರತು ಅದರ ದಾಯಾದಿಗಳಲ್ಲ.

ತಳಿ ಎಂಬುದು ಎಷ್ಟು ಮುಖ್ಯ ಎಂಬುದಕ್ಕೆ ಇ. ಕೋಲೈ ಸಾಕು. ಮೊದಲ ಮಹಾಯುದ್ಧದ ಕಾಲದಲ್ಲಿ ಸುತ್ತಲಿನವರೆಲ್ಲ ಆಮಶಂಕೆಯಿಂದ ನೆಲ ಹಿಡಿದಾಗ ಒಬ್ಬ ಸೈನಿಕನಿಗೆ ಮಾತ್ರ ಏನೂ ಆಗಲಿಲ್ಲ. ಜರ್ಮನಿಯ ಆಲ್‌ಫ್ರೆಡ್ ನಿಸ್ಲೆ 1917ರಲ್ಲಿ ಅವನ ಮಲದಿಂದ ಬೇರ್ಪಡಿಸಿದ ಇ. ಕೋಲೈ ತಳಿ ಇವತ್ತಿಗೂ ಔಷಧವಾಗಿ ಮಾರಾಟವಾಗುತ್ತದೆ. ಅದೇ ಇ. ಕೋಲೈ ಜಾತಿಯ ಒ157:ಎಚ್7 ಎಂಬ ತಳಿ ರಕ್ತಭೇದಿ ತಂದು ಮೂತ್ರಪಿಂಡ ಕೆಡಿಸಿ ಜೀವ ತೆಗೆಯಬಲ್ಲದು. ಹೆಸರು ಒಂದೇ, ಹಣೆಬರಹ ಬೇರೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಒಂದೇ ಕುಲದಲ್ಲಿ ಒಂದಕ್ಕೊಂದು ದೂರದ ಸಂಬಂಧದ ಬ್ಯಾಕ್ಟೀರಿಯಾಗಳೆಲ್ಲ ತುಂಬಿಕೊಂಡಿವೆ ಎಂದು 2020ರಲ್ಲಿ ವಿಜ್ಞಾನಿಗಳು ಅದನ್ನು 25 ಕುಲಗಳಾಗಿ ಒಡೆದರು. ಡಬ್ಬಿಯ ಮೇಲೆ ಬರೀ ‘ಲ್ಯಾಕ್ಟೋಬ್ಯಾಸಿಲಸ್’ ಎಂದಷ್ಟೇ ಇದ್ದರೆ ಅದರಿಂದ ತಿಳಿಯುವುದು ಏನೂ ಇಲ್ಲ.

ಸರಿಯಾದ ತಳಿ, ಸರಿಯಾದ ತೊಂದರೆ, ಸರಿಯಾದ ವಯಸ್ಸು ಕೂಡಿಬಂದಾಗ ಏನಾಗಬಹುದು ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಪಿನಾಕಿ ಪಾಣಿಗ್ರಾಹಿ ಅವರ ತಂಡ ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿ, ಜೊತೆಗೆ ಅದಕ್ಕೆ ಮೇವಾಗಿ ಒಂದಿಷ್ಟು ವಿಶೇಷ ಸಕ್ಕರೆ, ಇವನ್ನು ಮೊದಲ ವಾರದಲ್ಲಿ ಬಾಯಿಗೆ ಹಾಕಿದ ಶಿಶುಗಳಲ್ಲಿ ನಂಜು ಮತ್ತು ಸಾವು ಎರಡೂ ಸೇರಿ ಶೇ 9ರಿಂದ ಶೇ 5.4ಕ್ಕೆ ಇಳಿದವು. ಆ ತಂಡ ತನಗೆ ಬೇಕಾದ ತಳಿಯನ್ನು ಆರಿಸಿಕೊಳ್ಳಲು ವರ್ಷಗಟ್ಟಲೆ ಹುಡುಕಾಡಿತ್ತು. ಸಿಕ್ಕಿದ್ದನ್ನು ಸಿಕ್ಕವರಿಗೆ ಕೊಟ್ಟ ಕೆಲಸ ಅದಲ್ಲ.

ಈ ಎಲ್ಲ ಉತ್ಸಾಹದ ಮೂಲಪುರುಷ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ ಪ್ಯಾರಿಸ್ಸಿನ ಪ್ಯಾಸ್ಟರ್ ಸಂಸ್ಥೆಯಲ್ಲಿ ದುಡಿದ ಎಲೀ ಮೆಚ್ನಿಕಾಫ್. ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗುತ್ತವೆ ಎಂದು ಕಂಡುಕೊಂಡು 1908ರ ನೊಬೆಲ್ ಪ್ರಶಸ್ತಿಯನ್ನು ಪಾಲ್ ಎರ್ಲಿಕ್ ಜೊತೆ ಹಂಚಿಕೊಂಡವರು. ದೊಡ್ಡ ಕರುಳಿನಲ್ಲಿ ಕೊಳೆಯುವ ಪದಾರ್ಥದ ವಿಷವೇ ಮುಪ್ಪಿಗೆ ಕಾರಣ, ಹುಳಿ ಹಾಲಿನ ಬ್ಯಾಕ್ಟೀರಿಯಾ ಆ ಕೊಳೆಯುವಿಕೆಯನ್ನು ತಡೆಯುತ್ತದೆ, ಬಲ್ಗೇರಿಯಾದ ಹಳ್ಳಿಗರು ಬಹುಕಾಲ ಬದುಕುವ ಗುಟ್ಟು ಅದೇ ಎಂದು ವಾದಿಸಿದರು. ತಾವೂ ದಿನಾ ಹುಳಿ ಹಾಲು ಕುಡಿದರು. 1916ರಲ್ಲಿ 71ನೆಯ ವಯಸ್ಸಿನಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಯೌವನದಲ್ಲಿ ಎರಡು ಸಲ ಬದುಕೇ ಬೇಡವೆನ್ನುವಷ್ಟು ಖಿನ್ನತೆಗೆ ಜಾರಿದ್ದ ಮನುಷ್ಯ ಇಳಿವಯಸ್ಸಿನಲ್ಲಿ ಮಹಾ ಆಶಾವಾದಿಯಾದ. ಅದನ್ನು ಹುಳಿ ಹಾಲಿನ ಲೆಕ್ಕಕ್ಕೆ ಬರೆಯಲು ಅವರ ಅಭಿಮಾನಿಗಳಿಗೂ ಆಗ ತೋಚಲಿಲ್ಲ, ಪುಣ್ಯ. ಅವರ ಮಾತು ವ್ಯಾಪಾರಿಗಳ ಕಿವಿಗೆ ಮಾತ್ರ ಚೆನ್ನಾಗಿ ಬಿತ್ತು. ಐಸಾಕ್ ಕರಾಸೊ 1919ರಲ್ಲಿ ಬಾರ್ಸಿಲೋನಾದಲ್ಲಿ ಆರಂಭಿಸಿದ ಡ್ಯಾನೋನ್ ಮೊಸರನ್ನು ಮೊದಲು ಮಾರಿದ್ದು ಔಷಧದ ಅಂಗಡಿಗಳಲ್ಲಿ. ಜಪಾನಿನ ಮಿನೋರು ಶಿರೋಟ 1930ರಲ್ಲಿ ಬೆಳೆಸಿದ ತಳಿ 1935ಕ್ಕೆ ಯಾಕುಲ್ಟ್ ಆಗಿ ಪೇಟೆಗೆ ಬಂತು. ಮೊಸರಿಗೂ ಔಷಧಕ್ಕೂ ನಡುವಿನ ಗೆರೆ ಅಲ್ಲಿಂದಲೇ ಅಳಿಸುತ್ತ ಬಂದಿದೆ.

ಈಗ ಹೊಟ್ಟೆಯೊಳಗೆ ಹೋಗೋಣ. ನಮ್ಮ ದೇಹದಲ್ಲಿ ನಮ್ಮ ಜೀವಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾಗಳಿವೆ ಎಂಬ ಮಾತು ಇನ್ನೂ ಭಾಷಣಗಳಲ್ಲಿ ಕೇಳುತ್ತದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೊ ಮತ್ತು ಸಂಗಡಿಗರು 2016ರಲ್ಲಿ ಲೆಕ್ಕ ತಿದ್ದಿದರು: ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, 30 ಲಕ್ಷ ಕೋಟಿ ಮನುಷ್ಯ ಜೀವಕೋಶ. ಹೆಚ್ಚುಕಮ್ಮಿ ಸಮಸಮ. ಬ್ಯಾಕ್ಟೀರಿಯಾಗಳ ಒಟ್ಟು ತೂಕ 200 ಗ್ರಾಂ ಆಸುಪಾಸು. ಇವುಗಳ ನೆಲೆ ಬಹುತೇಕ ದೊಡ್ಡ ಕರುಳು, ಮುಖ್ಯ ಆಹಾರ ನಾವು ಜೀರ್ಣಿಸಿಕೊಳ್ಳಲಾಗದ ನಾರು. ನಾರನ್ನು ಹುದುಗಿಸಿ ಅವು ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್ ಎಂಬ ಕಿರು ಕೊಬ್ಬಿನಾಮ್ಲಗಳನ್ನು ಬಿಡುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬೇಕಾದ ಶಕ್ತಿಯ ಬಹುಪಾಲು ಬ್ಯುಟಿರೇಟ್‌ನಿಂದಲೇ ಬರುತ್ತದೆ. ಕರುಳಿನ ಗೋಡೆ ಗಟ್ಟಿಯಾಗಿದ್ದರೆ ಬ್ಯಾಕ್ಟೀರಿಯಾಗಳ ಚೂರುಪಾರು ರಕ್ತಕ್ಕೆ ನುಸುಳುವುದಿಲ್ಲ. ನುಸುಳಿದರೆ ದೇಹದ ತುಂಬ ಸಣ್ಣ ಮಟ್ಟದ ಉರಿಯೂತ ಹತ್ತಿಕೊಳ್ಳುತ್ತದೆ. ಇನ್ಸುಲಿನ್ ಮಾತು ಕೇಳದಿರುವುದಕ್ಕೂ ಮನಸ್ಸು ಮಂಕಾಗುವುದಕ್ಕೂ ಈ ಉರಿಯೂತ ಸಮಾನ ಕೊಂಡಿ ಎಂಬುದು ಇವತ್ತಿನ ಸಂಶೋಧಕರ ದೊಡ್ಡ ಗುಮಾನಿ.

ಇದೇ ಕೊಬ್ಬಿನಾಮ್ಲಗಳು ಕರುಳಿನ ಕೆಲವು ಕೋಶಗಳನ್ನು ಪ್ರಚೋದಿಸಿ ಜಿಎಲ್‌ಪಿ-1 ಎಂಬ ಹಾರ್ಮೋನು ಹೊರಡಿಸುತ್ತವೆ. ಊಟದ ನಂತರ ಇನ್ಸುಲಿನ್ ಹೆಚ್ಚಿಸಿ ‘ಹೊಟ್ಟೆ ತುಂಬಿತು’ ಎಂದು ಮಿದುಳಿಗೆ ಹೇಳುವ ಹಾರ್ಮೋನು ಇದು. ತೂಕ ಇಳಿಸುವ ಚುಚ್ಚುಮದ್ದೆಂದು ಹೆಸರಾದ ಸೆಮಾಗ್ಲುಟೈಡ್ ಅನುಕರಿಸುವುದೂ ಇದನ್ನೇ. ಅದನ್ನೇ ಹಿಡಿದುಕೊಂಡು ‘ನಿಸರ್ಗದ ತೂಕದ ಚುಚ್ಚುಮದ್ದು’ ಎಂದು ಪ್ರೊಬಯೋಟಿಕ್ ಮಾರುವವರೂ ಹುಟ್ಟಿಕೊಂಡಿದ್ದಾರೆ. ಕರುಳು ತಾನೇ ಸ್ರವಿಸುವ ಜಿಎಲ್‌ಪಿ-1 ರಕ್ತದಲ್ಲಿ ಒಂದೆರಡು ನಿಮಿಷಗಳಲ್ಲೇ ಅರ್ಧ ಕರಗುತ್ತದೆ. ಔಷಧ ಅರ್ಧ ಕರಗಲು ಸುಮಾರು ಒಂದು ವಾರ ಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸುಳ್ಳಿಗೆ ಹತ್ತಿರದ ಮಾತು.

ಮಧುಮೇಹದ ವಿಚಾರದಲ್ಲಿ ಸದ್ಯ ಹೆಚ್ಚು ಕುತೂಹಲ ಹುಟ್ಟಿಸಿರುವುದು ಅಕರ್ಮನ್ಸಿಯಾ ಮ್ಯುಸಿನಿಫಿಲಾ. ನೆದರ್ಲೆಂಡ್ಸ್‌ನ ವಾಗನಿಂಗನ್‌ನಲ್ಲಿ 2004ರಲ್ಲಿ ಗುರುತಿಸಿದ ಈ ಬ್ಯಾಕ್ಟೀರಿಯಾ ಕರುಳಿನ ಲೋಳೆಯಲ್ಲೇ ಬದುಕಿ, ಲೋಳೆಯನ್ನೇ ತಿನ್ನುತ್ತದೆ. ತಿನ್ನುವ ನೆಪದಲ್ಲಿ ಹೊಸ ಲೋಳೆ ಬೆಳೆಯುವಂತೆ ಮಾಡುತ್ತದೆ. ಸ್ಥೂಲಕಾಯರಲ್ಲಿ, ಎರಡನೆಯ ಬಗೆಯ ಮಧುಮೇಹಿಗಳಲ್ಲಿ ಇದು ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಮಧುಮೇಹದ ಹಳೆಯ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಹೆಚ್ಚುತ್ತದೆ ಎಂಬುದೂ ತಿಳಿದಿದೆ. ಆ ಮಾತ್ರೆ ಕೆಲಸ ಮಾಡುವುದರಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಪಾಲೂ ಇದೆ.

ಬೆಲ್ಜಿಯಂನ ಪ್ಯಾಟ್ರಿಸ್ ಕಾನಿ ಅವರ ತಂಡ ಇದನ್ನು ಇಲಿಗಳಿಗೆ ಕೊಟ್ಟು ಗೆದ್ದ ಮೇಲೆ ಮನುಷ್ಯರ ಕಡೆ ತಿರುಗಿತು. ತೂಕ ಹೆಚ್ಚಿದ್ದ, ಇನ್ಸುಲಿನ್‌ಗೆ ದೇಹ ಜಗ್ಗದ 40 ಜನರನ್ನು ಆರಿಸಿದರು, ಕೊನೆಯವರೆಗೆ ಉಳಿದವರು 32. ಒಂದು ಗುಂಪಿಗೆ ಖಾಲಿ ಪುಡಿ, ಒಂದಕ್ಕೆ ಜೀವಂತ ಬ್ಯಾಕ್ಟೀರಿಯಾ, ಇನ್ನೊಂದಕ್ಕೆ ಬಿಸಿಮಾಡಿ ಕೊಂದ ಬ್ಯಾಕ್ಟೀರಿಯಾ. ಮೂರು ತಿಂಗಳ ಬಳಿಕ, 2019ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಖಾಲಿ ಪುಡಿಯವರಿಗೆ ಹೋಲಿಸಿದರೆ ಒಂದು ಗುಂಪಿನಲ್ಲಿ ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಸುಮಾರು ಶೇ 28 ಸುಧಾರಿಸಿತ್ತು, ರಕ್ತದ ಇನ್ಸುಲಿನ್ ಮಟ್ಟ ಶೇ 34 ತಗ್ಗಿತ್ತು, ಕೊಲೆಸ್ಟರಾಲ್ ಶೇ 8ಕ್ಕಿಂತ ಹೆಚ್ಚು ಇಳಿದಿತ್ತು. ಆ ಗುಂಪು ಸತ್ತ ಬ್ಯಾಕ್ಟೀರಿಯಾ ತಿಂದವರದ್ದು! ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಒಂದು ಪ್ರೋಟೀನು ಬಿಸಿಗೂ ಕೆಡದೆ ಉಳಿದು ಕೆಲಸ ಮಾಡುತ್ತದೆ ಎಂದು ಅದೇ ತಂಡ ಹಿಂದೆಯೇ ಇಲಿಗಳಲ್ಲಿ ತೋರಿಸಿತ್ತು. ಜೀವಂತವಾಗಿರಬೇಕು ಎಂಬ ಮೊದಲ ಷರತ್ತಿನ ಪ್ರಕಾರ ನೋಡಿದರೆ, ಅತಿ ಭರವಸೆಯ ಈ ಪ್ರೊಬಯೋಟಿಕ್ ಪ್ರೊಬಯೋಟಿಕ್ಕೇ ಅಲ್ಲ.

ಭರವಸೆ ಎಂದೆ, ಅಷ್ಟೇ. ಒಂದೊಂದು ಗುಂಪಿನಲ್ಲಿ ಇದ್ದವರು ಹತ್ತು ಹನ್ನೆರಡು ಜನ. ತೂಕ ಇಳಿದದ್ದು ಲೆಕ್ಕಕ್ಕೆ ಹಿಡಿಯುವಷ್ಟಲ್ಲ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿದಂತೆ 10.1 ಕೋಟಿ ಮಧುಮೇಹಿಗಳು, ಇನ್ನೂ 13.6 ಕೋಟಿ ಅಂಚಿನಲ್ಲಿರುವವರು ಇರುವ ದೇಶ ನಮ್ಮದು. ಇಷ್ಟು ಜನರಿಗೆ ಸಲಹೆ ಕೊಡಲು ಆ ಮೂವತ್ತೆರಡು ಜನರ ಪುರಾವೆ ಸಾಲದು. ಇತರ ತಳಿಗಳ ಬಗ್ಗೆ ಬಂದಿರುವ ಹತ್ತಾರು ಸಣ್ಣ ಅಧ್ಯಯನಗಳನ್ನು ಒಟ್ಟು ಹಾಕಿದಾಗ ಖಾಲಿ ಹೊಟ್ಟೆಯ ಸಕ್ಕರೆ ತುಸು ಇಳಿಯುವುದು ಕಾಣುತ್ತದೆ, ಆದರೆ ಅದು ಮಾತ್ರೆ ಬಿಡಿಸುವಂಥ ಇಳಿಕೆಯಲ್ಲ. ಕೆಲವೊಮ್ಮೆ ಎಣಿಸಿದ್ದು ಉಲ್ಟಾ ಆಗುತ್ತದೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ತೂಕ ಹೆಚ್ಚಿದ್ದ 411 ಗರ್ಭಿಣಿಯರಲ್ಲಿ ಎರಡು ಹೆಸರುವಾಸಿ ತಳಿಗಳನ್ನು ಪರೀಕ್ಷಿಸಿದರು, ಬಸಿರಿನ ಸಕ್ಕರೆ ಕಾಯಿಲೆ ತಪ್ಪಲೆಂದು. ಖಾಲಿ ಗುಳಿಗೆ ತಿಂದವರಲ್ಲಿ ಶೇ 12.3 ಮಂದಿಗೆ ಕಾಯಿಲೆ ಬಂದರೆ ಪ್ರೊಬಯೋಟಿಕ್ ತಿಂದವರಲ್ಲಿ ಶೇ 18.4. ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಉಪಯೋಗವಂತೂ ಆಗಲಿಲ್ಲ.

ಮನಸ್ಸಿನ ಕಡೆಗೆ ಬಂದರೆ ದಾರಿಗಳು ಇನ್ನೂ ಹೆಚ್ಚು, ಮಸುಕೂ ಹೆಚ್ಚು. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ನೊಬುಯುಕಿ ಸುಡೊ ತಂಡ 2004ರಲ್ಲಿ ಒಂದೇ ಒಂದು ಸೂಕ್ಷ್ಮಜೀವಿಯೂ ಸೋಕದಂತೆ ಬೆಳೆಸಿದ ಇಲಿಗಳನ್ನು ಸಣ್ಣ ಕೊಳವೆಯಲ್ಲಿ ಕೂಡಿಹಾಕಿ ನೋಡಿತು. ಅವುಗಳ ಒತ್ತಡದ ಹಾರ್ಮೋನು ಸಾಮಾನ್ಯ ಇಲಿಗಳಿಗಿಂತ ವಿಪರೀತ ಏರಿತು. ಎಳವೆಯಲ್ಲೇ ಬ್ಯಾಕ್ಟೀರಿಯಾ ಸೇರಿಸಿದರೆ ಸರಿಹೋಗುತ್ತಿತ್ತು, ಬೆಳೆದ ಮೇಲೆ ಸೇರಿಸಿದರೆ ಇಲ್ಲ. ಇಲ್ಲಿಗೆ ಕರುಳಿಗೂ ಮಿದುಳಿಗೂ ನಂಟಿದೆ ಎಂಬುದು ಇಲಿಗಳ ಮಟ್ಟಿಗೆ ಇತ್ಯರ್ಥವಾಯಿತು. ಇನ್ನು ಸಿರೊಟೋನಿನ್. ದೇಹದ ಶೇ 90ಕ್ಕೂ ಹೆಚ್ಚು ಸಿರೊಟೋನಿನ್ ತಯಾರಾಗುವುದು ಕರುಳಿನಲ್ಲಿ ಎಂಬ ವಾಕ್ಯ ಪ್ರತಿ ಪ್ರೊಬಯೋಟಿಕ್ ಜಾಹೀರಾತಿನಲ್ಲೂ ಇರುತ್ತದೆ. ನಿಜವೇ. ಆದರೆ ಕರುಳಿನ ಸಿರೊಟೋನಿನ್ ರಕ್ತದಿಂದ ಮಿದುಳಿನ ಒಳಗೆ ದಾಟುವುದಿಲ್ಲ. ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಜಾಹೀರಾತಿನಲ್ಲಿ ಈ ಎರಡನೆಯ ವಾಕ್ಯಕ್ಕೆ ಜಾಗ ಸಾಲುವುದಿಲ್ಲ.

ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ನನಗೆ ಗಂಭೀರವೆನಿಸಿದವು ಎರಡು. ಮ್ಯಾಕ್‌ಮಾಸ್ಟರ್‌ನಲ್ಲಿ ಕರುಳಿನ ಕಿರಿಕಿರಿ ರೋಗದ ಜೊತೆ ಖಿನ್ನತೆ ಅಥವಾ ಆತಂಕ ಇದ್ದ 44 ಜನರಿಗೆ ಆರು ವಾರ ಬೈಫಿಡೊಬ್ಯಾಕ್ಟೀರಿಯಂ ಲಾಂಗಮ್‌ನ ಒಂದು ತಳಿ ಅಥವಾ ಖಾಲಿ ಪುಡಿ ಕೊಟ್ಟರು. ತಳಿ ತಿಂದ 22 ಜನರಲ್ಲಿ 14 ಮಂದಿಯ ಖಿನ್ನತೆಯ ಅಂಕ ಇಳಿಯಿತು. ಖಾಲಿ ಪುಡಿಯ 22 ಜನರಲ್ಲಿ 7 ಮಂದಿಯದು. ಭಯವನ್ನು ಸಂಭಾಳಿಸುವ ಮಿದುಳಿನ ಭಾಗ ಸ್ಕ್ಯಾನ್‌ನಲ್ಲಿ ಶಾಂತವಾದಂತೆ ಕಂಡಿತು. ಆತಂಕದ ಅಂಕ ಮಾತ್ರ ಅಲ್ಲಾಡಲಿಲ್ಲ. ಖಾಲಿ ಪುಡಿಗೇ ಮೂವರಲ್ಲಿ ಒಬ್ಬರು ಸುಧಾರಿಸಿದ್ದನ್ನೂ ಗಮನಿಸಬೇಕು; ಪಕ್ಕದ ಮನೆಯವರು ‘ನನಗೆ ಗುಣ ಕಂಡಿತು’ ಎಂದರೆ ಅದನ್ನು ಪುರಾವೆ ಎಂದು ಒಪ್ಪಲಾಗದಿರುವುದು ಇದಕ್ಕೇ. ಎರಡನೆಯದು ಲಂಡನ್ನಿನ ಕಿಂಗ್ಸ್ ಕಾಲೇಜಿನದು, 2023ರಲ್ಲಿ ಬಂದದ್ದು. ಖಿನ್ನತೆಯ ಮಾತ್ರೆ ತಿಂದೂ ಪೂರ್ತಿ ಗುಣವಾಗದ 49 ಜನರಿಗೆ, ಆ ಮಾತ್ರೆಯ ಜೊತೆಗೇ, ಎಂಟು ವಾರ 14 ತಳಿಗಳ ಮಿಶ್ರಣ ಅಥವಾ ಖಾಲಿ ಗುಳಿಗೆ ಕೊಟ್ಟರು. ಮಿಶ್ರಣ ಪಡೆದವರು ಹೆಚ್ಚು ಚೇತರಿಸಿಕೊಂಡರು. ಇದು ಮುಂದಿನ ದೊಡ್ಡ ಪ್ರಯೋಗಕ್ಕೆ ಪೂರ್ವತಯಾರಿ ಎಂದು ಸಂಶೋಧಕರೇ ಹೇಳಿದ್ದಾರೆ.

‘ಜೊತೆಗೇ’ ಎಂಬುದಕ್ಕೆ ಒತ್ತು ಕೊಡಬೇಕು. ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದು 2016ರಲ್ಲಿ ಹೊರಬಂದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದಂತೆ ದೇಶದ ವಯಸ್ಕರಲ್ಲಿ ಶೇ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು, ಬಹುಪಾಲು ಜನ ಚಿಕಿತ್ಸೆಯ ಹತ್ತಿರವೂ ಸುಳಿದಿರಲಿಲ್ಲ. ಮನೋವೈದ್ಯರ ಬಾಗಿಲಿಗೆ ಹೋಗಲು ನಾಚುವ ನಮ್ಮಲ್ಲಿ ‘ಹೊಟ್ಟೆ ಸರಿಯಾದರೆ ತಲೆ ಸರಿಹೋಗುತ್ತದೆ’ ಎಂಬ ಮಾತು ತುಂಬ ಅನುಕೂಲದ ನೆಪ. ವಾರಗಟ್ಟಲೆ ನಿದ್ದೆಯಿಲ್ಲದೆ, ಯಾವುದರಲ್ಲೂ ಆಸೆಯಿಲ್ಲದೆ ಇರುವವರು ಕರೆ ಮಾಡಬೇಕಾದ್ದು ಟೆಲಿ-ಮಾನಸ್ ಸಹಾಯವಾಣಿಯ 14416ಕ್ಕೆ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಖಿನ್ನತೆ ಇರುವವರ ಕರುಳಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಕಡಿಮೆ ಎಂಬುದು ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡಿತ್ತು. ಆದರೆ ಬೇಸರದಲ್ಲಿರುವವರು ಊಟ ಬಿಡುತ್ತಾರೆ ಅಥವಾ ಕುರುಕಲು ತಿನ್ನುತ್ತಾರೆ, ಹೊರಗೆ ಓಡಾಡುವುದಿಲ್ಲ. ಬ್ಯಾಕ್ಟೀರಿಯಾ ಕುಗ್ಗಿದ್ದರಿಂದ ಮನಸ್ಸು ಕುಗ್ಗಿತೋ, ಮನಸ್ಸು ಕುಗ್ಗಿದ್ದರಿಂದ ಬ್ಯಾಕ್ಟೀರಿಯಾ ಕುಗ್ಗಿತೋ? ಎರಡೂ ಇರಬಹುದು. ಈ ಗೊಂದಲದ ನಡುವೆ ಆಸ್ಟ್ರೇಲಿಯಾದ ಫೆಲಿಸ್ ಜಾಕಾ ತಂಡದ ಕೆಲಸ ಎದ್ದು ಕಾಣುತ್ತದೆ. ಅವರು ಗುಳಿಗೆ ಕೊಡಲಿಲ್ಲ, ಊಟ ಬದಲಿಸಿದರು. ಖಿನ್ನತೆ ಇದ್ದ 67 ಜನರಲ್ಲಿ ಅರ್ಧದಷ್ಟು ಮಂದಿಗೆ ಕಾಳು, ತರಕಾರಿ, ಹಣ್ಣು, ಇಡೀ ಧಾನ್ಯ, ಮೀನು ಹೆಚ್ಚಿಸಿ ಕರಿದದ್ದು ಸಿಹಿಯದ್ದು ಕಡಿಮೆ ಮಾಡುವಂತೆ ಹೇಳಿಕೊಟ್ಟರು. ಉಳಿದವರ ಜೊತೆ ಸ್ನೇಹದಿಂದ ಮಾತಾಡುತ್ತ ಅಷ್ಟೇ ಸಮಯ ಕಳೆದರು. ಹನ್ನೆರಡು ವಾರಕ್ಕೆ ಖಿನ್ನತೆಯಿಂದ ಹೊರಬಂದವರು ಮೊದಲ ಗುಂಪಿನಲ್ಲಿ ಶೇ 32, ಎರಡನೆಯದರಲ್ಲಿ ಶೇ 8. ಇದೂ ಸಣ್ಣ ಅಧ್ಯಯನವೇ. ಆದರೂ ಅದರ ಔಷಧ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ.

ಮನೆಯ ಅಡುಗೆಗೆ ಬರೋಣ. ಉಗುರು ಬೆಚ್ಚಗಿನ ಹಾಲಿಗೆ ನಿನ್ನೆಯ ಮೊಸರಿನಿಂದ ಒಂದು ಚಮಚ ಹೆಪ್ಪು. ಆ ಚಮಚದಲ್ಲಿ ಲ್ಯಾಕ್ಟೊಕಾಕಸ್, ಲ್ಯುಕೊನೋಸ್ಟಾಕ್, ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್, ಬಗೆಬಗೆಯ ಲ್ಯಾಕ್ಟೋಬ್ಯಾಸಿಲಸ್, ಕೆಲವೊಮ್ಮೆ ಯೀಸ್ಟು ಕೂಡ. ಬೇಸಿಗೆಯದಕ್ಕೂ ಮಳೆಗಾಲದ್ದಕ್ಕೂ ವ್ಯತ್ಯಾಸ, ಈ ಮನೆಯದಕ್ಕೂ ಆ ಮನೆಯದಕ್ಕೂ ವ್ಯತ್ಯಾಸ. ಹೆಪ್ಪು ಕೆಟ್ಟರೆ ಪಕ್ಕದ ಮನೆಯಿಂದ ತರುತ್ತೇವೆ, ಅಲ್ಲಿಗೆ ನಮ್ಮ ಮೊಸರಿನ ವಂಶವೇ ಬದಲು. ಯಾವ ತಳಿ ಎಷ್ಟಿದೆ ಎಂದು ಯಾರಿಗೂ ಗೊತ್ತಿರದ ಇಂಥ ಆಹಾರವನ್ನು ವ್ಯಾಖ್ಯೆಯ ಪ್ರಕಾರ ಪ್ರೊಬಯೋಟಿಕ್ ಎನ್ನುವಂತಿಲ್ಲ. ಅದು ಜೀವಂತ ಬ್ಯಾಕ್ಟೀರಿಯಾ ಇರುವ ಹುದುಗಿದ ಆಹಾರ. ಅದರಿಂದ ಮೊಸರಿನ ಮಾನವೇನೂ ಹೋಗುವುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಪ್ರೊಬಯೋಟಿಕ್ ಕಂಪನಿಗಳ ಆರೋಗ್ಯದ ಹೇಳಿಕೆಗಳನ್ನು ಸಾಲುಸಾಲಾಗಿ ತಳ್ಳಿಹಾಕಿದಾಗಲೂ ಒಂದನ್ನು ಒಪ್ಪಿತು: ಮೊಸರಿನ ಬ್ಯಾಕ್ಟೀರಿಯಾಗಳು ಹಾಲು ಒಗ್ಗದವರಿಗೆ ಹಾಲಿನ ಸಕ್ಕರೆ ಜೀರ್ಣಿಸಲು ನೆರವಾಗುತ್ತವೆ.

ನಮ್ಮಲ್ಲಿ ‘ಹುದುಗಿದ್ದೆಲ್ಲ ಪ್ರೊಬಯೋಟಿಕ್’ ಎಂಬ ಹೆಮ್ಮೆಯ ಬರಹಗಳಲ್ಲಿ ಇಡ್ಲಿಗೆ ಯಾವಾಗಲೂ ಮೊದಲ ಪಂಕ್ತಿ. ಹಿಟ್ಟು ಉಬ್ಬಿಸುವ ಲ್ಯುಕೊನೋಸ್ಟಾಕ್ ಮೆಸೆಂಟೆರಾಯ್ಡಿಸ್ ಮತ್ತು ಅದರ ಸಂಗಡಿಗರು ಇಡ್ಲಿ ಪಾತ್ರೆಯ ಹಬೆಯಲ್ಲಿ ಹತ್ತು ನಿಮಿಷ ಕೂತ ಮೇಲೆ ಬದುಕಿರುವುದಿಲ್ಲ. ಮಜ್ಜಿಗೆಹುಳಿಯಲ್ಲೂ ಕುದಿ ಬಂದ ಕೂಡಲೇ ಕಥೆ ಮುಗಿಯಿತು. ತಂಬುಳಿ, ಹಸಿ ಸಾಸಿವೆ, ಆರಿದ ಮೇಲೆ ಮೊಸರು ಕಲಸಿ ಕುಡಿಯುವ ರಾಗಿ ಅಂಬಲಿ, ರಾತ್ರಿ ನೆನೆಹಾಕಿ ಬೆಳಿಗ್ಗೆ ಉಣ್ಣುವ ತಂಗಳನ್ನ — ಇವುಗಳಲ್ಲಿ ಬ್ಯಾಕ್ಟೀರಿಯಾ ಜೀವಂತ. ಇಡ್ಲಿ ಬೇರೆ ಕಾರಣಗಳಿಗೆ ಒಳ್ಳೆಯದು. ಹುದುಗುವಾಗ ಕೆಲವು ಬಿ ಜೀವಸತ್ವಗಳು ಹೆಚ್ಚುತ್ತವೆ, ಬೇಳೆ ಸುಲಭವಾಗಿ ಅರಗುತ್ತದೆ. ಅದಕ್ಕೆ ಇಲ್ಲದ ಬಿರುದು ಬೇಕಿಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತರನ್ನು ಎರಡು ಭಾಗ ಮಾಡಿ ಹತ್ತು ವಾರ ಅರ್ಧ ಜನರಿಗೆ ಮೊಸರು, ಕೆಫೀರ್, ಕಿಮ್ಚಿ ಮುಂತಾದ ಹುದುಗಿದ ಆಹಾರವನ್ನೂ ಉಳಿದವರಿಗೆ ನಾರಿನ ಆಹಾರವನ್ನೂ ಹೆಚ್ಚಿಸಿದರು. 2021ರ ಆ ವರದಿಯಲ್ಲಿ ಹುದುಗಿದ್ದು ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತು, ಉರಿಯೂತ ಸೂಚಿಸುವ 19 ಪ್ರೋಟೀನುಗಳು ರಕ್ತದಲ್ಲಿ ಇಳಿದವು. ನಾರು ತಿಂದವರಲ್ಲಿ ವೈವಿಧ್ಯ ಹೆಚ್ಚಲಿಲ್ಲ. ನಾರಿನ ಪರ ವಾದಿಸುವ ನನ್ನಂಥವರಿಗೆ ಇದು ನುಂಗಲಾರದ ತುತ್ತು. ಹತ್ತು ವಾರ ಸಾಲಲಿಲ್ಲವೋ, ನಾರನ್ನು ಅರಗಿಸುವ ಬ್ಯಾಕ್ಟೀರಿಯಾಗಳೇ ಆ ಅಮೆರಿಕನ್ನರ ಕರುಳಿನಿಂದ ಕಾಣೆಯಾಗಿದ್ದವೋ ಎಂದು ಸಂಶೋಧಕರು ಊಹಿಸಿದ್ದಾರೆ. ಆದರೂ ಗುಳಿಗೆಯ ಬ್ಯಾಕ್ಟೀರಿಯಾ ಹೆಚ್ಚಿನವರ ಕರುಳಿನಲ್ಲಿ ನೆಲೆಯೂರುವುದಿಲ್ಲ, ನಿಲ್ಲಿಸಿದ ಕೆಲವೇ ದಿನ ಅಥವಾ ವಾರಗಳಲ್ಲಿ ಜಾಗ ಖಾಲಿ ಮಾಡುತ್ತದೆ ಎಂಬುದನ್ನು ನೆನೆದರೆ, ಒಳಗೇ ಇರುವವಕ್ಕೆ ಮೇವು ಹಾಕುವುದೇ ಹೆಚ್ಚು ಲಾಭದ ಕೆಲಸವೆಂದು ನನಗನ್ನಿಸುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹೆಸರು ಕಾಳಿನಲ್ಲಿ ಇನ್ನೂ ಹೆಚ್ಚು. ಮುದ್ದೆ ಬಿಟ್ಟು ಅನ್ನಕ್ಕೆ ಬಂದ ಮನೆಗಳಲ್ಲಿ ಬ್ಯಾಕ್ಟೀರಿಯಾಗಳು ಉಪವಾಸ ಬಿದ್ದಿರುವುದಂತೂ ದಿಟ.

ಔಷಧದ ಅಂಗಡಿಯಲ್ಲಿ ಆಂಟಿಬಯೋಟಿಕ್ ಚೀಟಿಯ ಕೆಳಗೆ ತಪ್ಪದೆ ಬರೆದಿರುವ 5 ಮಿಲಿಲೀಟರಿನ ಪುಟ್ಟ ಪ್ಲಾಸ್ಟಿಕ್ ಕುಪ್ಪಿಯನ್ನು ನೀವೂ ನೋಡಿರಬಹುದು. ಮೂತಿ ತಿರುಚಿ ಮುರಿದರೆ ರುಚಿಯಿಲ್ಲದ, ಕೊಂಚ ಕದಡಿದ ನೀರು. ಅದರಲ್ಲಿರುವುದು ಬ್ಯಾಸಿಲಸ್ ಕ್ಲಾಸಿಯ ಬೀಜಕಣಗಳು. ಭೇದಿ ತಡೆಯಲು ಇಂಥವು ಕೆಲವರಿಗೆ ಉಪಯೋಗವಾಗುತ್ತವೆ. ಆದರೆ ಆಂಟಿಬಯೋಟಿಕ್ ಮುಗಿದ ಮೇಲೆ ‘ಹೊಟ್ಟೆ ರಿಪೇರಿ’ಗೆಂದು ಹಲವು ತಳಿಗಳ ಪ್ರೊಬಯೋಟಿಕ್ ನುಂಗಿದವರಲ್ಲಿ ಸ್ವಂತ ಬ್ಯಾಕ್ಟೀರಿಯಾಗಳು ಮರಳಲು, ಏನೂ ನುಂಗದವರಿಗಿಂತ ತಡವಾಯಿತು ಎಂದು ವೈಜ್‌ಮನ್ ಸಂಸ್ಥೆಯ ತಂಡ 2018ರಲ್ಲಿ ತೋರಿಸಿದೆ. ತೀವ್ರ ಅಸ್ವಸ್ಥರ ವಿಷಯದಲ್ಲಂತೂ ಹುಡುಗಾಟಿಕೆ ಸಲ್ಲ. ನೆದರ್ಲೆಂಡ್ಸ್‌ನಲ್ಲಿ ಮೇದೋಜೀರಕದ ತೀವ್ರ ಉರಿಯೂತದ ಸುಮಾರು 300 ರೋಗಿಗಳ ಮೇಲೆ ನಡೆದು 2008ರಲ್ಲಿ ವರದಿಯಾದ ಪ್ರಯೋಗದಲ್ಲಿ, ಪ್ರೊಬಯೋಟಿಕ್ ಪಡೆದವರಲ್ಲಿ 24 ಮಂದಿ ಸತ್ತರು, ಖಾಲಿ ಪುಡಿ ಪಡೆದವರಲ್ಲಿ 9. ‘ತಿಂದರೆ ಒಳ್ಳೆಯದಾಗದಿದ್ದರೂ ಕೆಟ್ಟದ್ದೇನಾದೀತು’ ಎಂಬ ನಂಬಿಕೆಗೆ ಅಲ್ಲಿ ಪೆಟ್ಟು ಬಿತ್ತು. ರೋಗನಿರೋಧಕ ಶಕ್ತಿ ಕುಂದಿದವರು, ಐಸಿಯುನಲ್ಲಿರುವವರು, ಅವಧಿಗೆ ಮುನ್ನ ಹುಟ್ಟಿದ ಶಿಶುಗಳು — ಇವರಿಗೆ ಕೊಡುವುದು ಬಿಡುವುದು ವೈದ್ಯರ ತೀರ್ಮಾನ, ಮನೆಯವರದ್ದಲ್ಲ.

ಇಷ್ಟಾದ ಮೇಲೂ ಒಮ್ಮೆ ಪ್ರಯತ್ನಿಸಿ ನೋಡುತ್ತೇನೆ ಎನ್ನುವ ಆರೋಗ್ಯವಂತರನ್ನು ನಾನು ತಡೆಯುವುದಿಲ್ಲ. ಡಬ್ಬಿಯನ್ನು ತಿರುಗಿಸಿ ಹಿಂಬದಿ ಓದಿ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಅಲ್ಲಿ ಬ್ಯಾಕ್ಟೀರಿಯಾದ ಕುಲ, ಜಾತಿ, ತಳಿ ಮೂರೂ ಇರಬೇಕು. ತಳಿ ಎಂದರೆ ಕೊನೆಯಲ್ಲಿ ಬರುವ ಅಕ್ಷರ, ಅಂಕಿ. ಅವಧಿ ಮುಗಿಯುವ ದಿನಕ್ಕೆ ಎಷ್ಟು ಬ್ಯಾಕ್ಟೀರಿಯಾ ಬದುಕಿರುತ್ತದೆ ಎಂಬುದೂ ಇರಬೇಕು. ತಯಾರಾದ ದಿನದ ಸಂಖ್ಯೆ ಹೇಳಿ ಕೈತೊಳೆದುಕೊಂಡಿದ್ದರೆ ಅಂಗಡಿಯ ಬಿಸಿಲಿನಲ್ಲಿ ಅದರಲ್ಲಿ ಎಷ್ಟು ಉಳಿದಿದೆಯೋ ಹೇಳುವವರಿಲ್ಲ. ಯಾವ ತೊಂದರೆಗೆಂದು ತೆಗೆದುಕೊಳ್ಳುತ್ತೀರೋ ಅದನ್ನೇ ಅಳೆಯಿರಿ: ಸಕ್ಕರೆಗಾದರೆ ರಕ್ತಪರೀಕ್ಷೆ, ‘ಹಗುರ ಅನ್ನಿಸಿತು’ ಸಾಲದು. ಇಂಥ ಪ್ರಯೋಗಗಳು ಹೆಚ್ಚಾಗಿ ನಡೆದದ್ದು ಒಂದರಿಂದ ಮೂರು ತಿಂಗಳು; ಅಷ್ಟರಲ್ಲಿ ಅಂಕಿ ಕದಲದಿದ್ದರೆ ನಿಲ್ಲಿಸಬಹುದು. ಮಧುಮೇಹ ಇರುವವರು ಕುಡಿಯುವ ಬಗೆಯದನ್ನು ಕೊಳ್ಳುವ ಮುನ್ನ ಬ್ಯಾಕ್ಟೀರಿಯಾದ ಕೋಟಿಗಳನ್ನು ಆಮೇಲೆ ಎಣಿಸಿಕೊಳ್ಳಲಿ, ಅದೇ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಸಕ್ಕರೆಯ ಗ್ರಾಂ ಲೆಕ್ಕವನ್ನು ಮೊದಲು ನೋಡಲಿ.